ಮಗಳನ್ನು ‘ದೊಡ್ಡವಳು’ ಅನ್ನುವುದನ್ನು ಬಿಟ್ಟ ಮಳೆಗಾಲ

ಮಾರ್ಚ್ ತಿಂಗಳ ಎರಡನೇ ವಾರ ನಮಗೆ ಮಗ ಹುಟ್ಟಿದ. ಆಗ ಮಗಳಿಗೆ ಎರಡು ವರ್ಷ ನಾಲ್ಕು ತಿಂಗಳು. ಮಾರನೆಯ ದಿನ ಇವರು ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಬಂದರು. ಮಂಚದ ಪಕ್ಕ ನಿಂತು ಮೊದಲು ಪಾಪುವನ್ನು ನೋಡಿದಳು. ಆಮೇಲೆ ನನ್ನ ಕೈಗೆ ಅಂಟಿಸಿದ್ದ ಪ್ಲಾಸ್ಟರ್ ಮುಟ್ಟಿ, "ಅಮ್ಮಂಗೆ ನೋವಾ?" ಅಂತ ಕೇಳಿದಳು.

ನೋಡಲು ಬಂದವರೆಲ್ಲ ಅವಳ ತಲೆ ಸವರಿ ಹೇಳಿದ್ದು ಒಂದೇ ಮಾತು. "ಇನ್ನು ನೀನು ದೊಡ್ಡವಳು, ಆಯ್ತಾ?" ನಾನೂ ಅದನ್ನೇ ಹೇಳಿದೆ. ಹಿಂದಿನ ರಾತ್ರಿ ತನಕ ನಮ್ಮ ಮನೆಯ ಪಾಪು ಅವಳೇ ಆಗಿದ್ದಳು. ಅದು ನನಗೆ ಆಗ ಹೊಳೆಯಲಿಲ್ಲ. ಹೊಳೆಯುವಾಗ ಜುಲೈ ಮುಗಿಯುತ್ತಾ ಬಂದಿತ್ತು, ಹೊರಗೆ ತುಳುನಾಡಿನ ಆಟಿ ತಿಂಗಳ ಮಳೆ ಹೊಯ್ಯುತ್ತಿತ್ತು.

ಬಾಣಂತನಕ್ಕೆ ಕುಂದಾಪುರದ ಹತ್ತಿರದ ತವರಿಗೆ ಹೋದೆ. ಅಲ್ಲಿ ಕೈಗೊಬ್ಬರು, ಕಾಲಿಗೊಬ್ಬರು ಇದ್ದರು. ಮಗಳು ಅಜ್ಜನ ಹಿಂದೆ ದನದ ಕೊಟ್ಟಿಗೆಗೆ ಹೋದರೆ ಊಟಕ್ಕೇ ವಾಪಸ್ಸು. ಆ ಮೂರು ತಿಂಗಳ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಒಂದು ವಿಷಯ ಮಾತ್ರ ಹೇಳಬೇಕು. ಪಾಪುವನ್ನು ಮೀಸಲು, ಅಂದರೆ ಸ್ನಾನ ಮಾಡಿಸಲು, ಊರಿನ ಒಬ್ಬ ಅಜ್ಜಿ ಬರುತ್ತಿದ್ದರು. ಮಣೆಯ ಮೇಲೆ ಕೂತು, ಎರಡೂ ಕಾಲು ಚಾಚಿ, ಅದರ ಮೇಲೆ ಪಾಪುವನ್ನು ಮಲಗಿಸಿ ತೆಂಗಿನೆಣ್ಣೆ ತಿಕ್ಕಿ ಬಿಸಿನೀರು ಹೊಯ್ಯುತ್ತಿದ್ದರು. ಮಗಳು ಬಚ್ಚಲಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೂರನೆಯ ದಿನ ಅಜ್ಜಿ ಪಾಪುವನ್ನು ನನ್ನ ಅಮ್ಮನ ಕೈಗೆ ಕೊಟ್ಟು, "ಬಾ ಮಗಾ, ನಿನ್ನೂ ಮೀಸ್ತೆ" ಅಂತ ಅವಳನ್ನು ಕರೆದರು. ಕಾಲ ಮೇಲೆ ಮಲಗಿಸಿದರೆ ಅವಳ ಕಾಲು ಅಜ್ಜಿಯ ಪಾದ ದಾಟಿ ಹೊರಗೆ ಬರುತ್ತಿತ್ತು. ಆದರೂ ಅಜ್ಜಿ ಪೂರ್ತಿ ಮೀಸಿದರು. ಆಮೇಲೆ ದಿನಾ ಇಬ್ಬರಿಗೂ ಸ್ನಾನ. ಅಜ್ಜಿಗೆ ಪ್ರೀತಿ ಜಾಸ್ತಿ ಅಂತಷ್ಟೇ ಅಂದುಕೊಂಡೆ. ನಾನು ತಿಳಿಯದೇ ಇದ್ದುದನ್ನು ಅವರು ಮೂರೇ ದಿನದಲ್ಲಿ ತಿಳಿದುಕೊಂಡಿದ್ದರು.

ಜೂನ್ ಮೊದಲ ವಾರ ಉಡುಪಿಗೆ ಬಂದೆವು. ನಮ್ಮದು ಅಂಬಲಪಾಡಿ ಕಡೆ, ಹೆಂಚಿನ ಮನೆ. ಇವರ ಕೆಲಸ ಮಂಗಳೂರಿನಲ್ಲಿ. ದಿನಾ ಸುಮಾರು 60 ಕಿಲೋಮೀಟರ್ ಹೋಗಿ ಬರಬೇಕು. ಬೆಳಿಗ್ಗೆ ಆರೂಮುಕ್ಕಾಲಿಗೆ ಮನೆ ಬಿಟ್ಟರೆ ರಾತ್ರಿ ಎಂಟಕ್ಕೆ ಬರುತ್ತಾರೆ. ಮನೆಯಲ್ಲಿ ಅತ್ತೆ ಇದ್ದಾರೆ. ಅವರಿಗೆ ಮಂಡಿನೋವು. ಕೂತಲ್ಲಿ ಪಾಪುವನ್ನು ಎಷ್ಟು ಹೊತ್ತು ಬೇಕಾದರೂ ಹಿಡಿದುಕೊಳ್ಳುತ್ತಾರೆ, ಆದರೆ ಬಗ್ಗಿ ಎತ್ತಲು ಆಗುವುದಿಲ್ಲ, ಮಗಳ ಹಿಂದೆ ಓಡಲು ಆಗುವುದಿಲ್ಲ. ಹಾಗಾಗಿ ಎತ್ತುವುದು, ಇಳಿಸುವುದು, ಓಡುವುದು ಎಲ್ಲ ನನ್ನ ಪಾಲಿಗೆ.

ಬಂದ ವಾರವೇ ಮಳೆ ಹಿಡಿಯಿತು. ಉಡುಪಿ ಜಿಲ್ಲೆಯಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಜಾಸ್ತಿ ಮಳೆ. ಅದರಲ್ಲಿ ಹೆಚ್ಚಿನದು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಚಿಕ್ಕ ಮಗು ಇರುವ ಮನೆಯಲ್ಲಿ ಇದರ ಅರ್ಥ ಒಂದೇ: ಬಟ್ಟೆ ಒಣಗುವುದಿಲ್ಲ. ಮಗಳು ಹುಟ್ಟಿದ್ದು ನವೆಂಬರ್‌ನಲ್ಲಿ. ಆಗ ಅಂಗಳದಲ್ಲಿ ಹಾಕಿದ ಬಟ್ಟೆ ಹತ್ತು ಗಂಟೆಗೆ ಒಣಗಿ ಗರಿಗರಿಯಾಗುತ್ತಿತ್ತು. ಈಗ ದಿನಕ್ಕೆ ಹದಿನೈದು ಲಂಗೋಟಿ ಬಟ್ಟೆ, ಅದರ ಜೊತೆ ಹಾಸುವ ಬಟ್ಟೆ, ಹೊದೆಯುವ ಬಟ್ಟೆ. ಚಾವಡಿಯಲ್ಲಿ ಎರಡು ಹಗ್ಗ, ಮಲಗುವ ಕೋಣೆಯಲ್ಲಿ ಒಂದು. ಫ್ಯಾನ್ ಇಡೀ ದಿನ ತಿರುಗಬೇಕು, ಗಾಳಿಮಳೆ ಬಂದರೆ ಕರೆಂಟೇ ಇರುವುದಿಲ್ಲ.

ಮೊದಲ ವಾರದಲ್ಲೇ ಪಾಪುವಿನ ತೊಡೆಸಂದಿ ಕೆಂಪಾಯಿತು. ಬಟ್ಟೆಗೆ ಮುಗ್ಗಲು ವಾಸನೆ ಬರುತ್ತಿತ್ತು. ಡಾಕ್ಟರಿಗೆ ತೋರಿಸಿದಾಗ, ಒದ್ದೆಯಾದ ಕೂಡಲೇ ಬದಲಿಸಿ, ದಿನಕ್ಕೆ ಸ್ವಲ್ಪ ಹೊತ್ತು ಬಟ್ಟೆ ಹಾಕದೆ ಗಾಳಿಗೆ ಬಿಡಿ ಅಂದರು. ಪೂರ್ತಿ ಒಣಗದ ಬಟ್ಟೆ ಹಾಕಲೇಬೇಡಿ ಅಂತಲೂ ಹೇಳಿದರು. ಕೈಯಲ್ಲಿ ಮುಟ್ಟಿದರೆ ಒಣಗಿದ ಹಾಗೆ ಇರುತ್ತದಲ್ಲ ಅಂದೆ. ಮನೆಗೆ ಬಂದ ಮೇಲೆ ಅತ್ತೆ ದಾರಿ ಹೇಳಿಕೊಟ್ಟರು. "ಕೈಗೆ ಗೊತ್ತಾಗುವುದಿಲ್ಲ. ಕೆನ್ನೆಗೆ ಹಿಡಿದು ನೋಡು." ಹೌದು. ಕೈಗೆ ಒಣಗಿದೆ ಅನಿಸಿದ ಬಟ್ಟೆ ಕೆನ್ನೆಗೆ ತಂಪು ತಾಗುತ್ತದೆ. ಅಂದಿನಿಂದ ಕೆನ್ನೆಗೆ ಹಿಡಿದು ನೋಡದೆ ಒಂದೂ ಬಟ್ಟೆ ಮಡಚಿಲ್ಲ.

ನನ್ನ ಅಮ್ಮನ ಕಾಲದಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಕವುಚಿ, ಅದರ ಮೇಲೆ ಮಗುವಿನ ಬಟ್ಟೆ ಹರಡಿ ಒಣಗಿಸುತ್ತಿದ್ದರು. ಹೊಗೆ ಮಗುವಿಗೆ ಒಳ್ಳೆಯದಲ್ಲ ಅಂತ ಡಾಕ್ಟರು ಹೇಳಿದ್ದರಿಂದ ನಾವು ಹಾಗೆ ಮಾಡಲಿಲ್ಲ. ನಮ್ಮ ಬಚ್ಚಲಿನಲ್ಲಿ ಈಗಲೂ ಹಂಡೆ ಒಲೆ ಇದೆ. ತೆಂಗಿನ ಸಿಪ್ಪೆ, ಒಣಗಿದ ಮಡಲು ಹಾಕಿ ನೀರು ಕಾಯಿಸುತ್ತೇವೆ. ಬೆಂಕಿ ಆರಿ ಹೊಗೆ ಹೋದ ಮೇಲೂ ಆ ಗೋಡೆ ಎರಡು ಮೂರು ಗಂಟೆ ಬಿಸಿ ಇರುತ್ತದೆ. ಅಲ್ಲೊಂದು ಹಗ್ಗ ಕಟ್ಟಿದೆವು. ಕೊನೆಗೆ ಉಳಿದ ತಂಪಿಗೆ ಇಸ್ತ್ರಿ. ರಾತ್ರಿಗೆ ಮತ್ತು ಹೊರಗೆ ಹೋಗುವಾಗ ಡೈಪರ್. ಹೀಗೆ ಮಾಡಿದ ಮೇಲೆ ಹತ್ತು ದಿನದಲ್ಲಿ ಕೆಂಪು ಕಡಿಮೆಯಾಯಿತು.

ಜೂನ್ ನಡುವಿಗೆ ಪಾಪುವಿಗೆ 14 ವಾರದ ಲಸಿಕೆ. ನಮ್ಮ ಆರೋಗ್ಯ ಕೇಂದ್ರದಲ್ಲಿ ಗುರುವಾರ ಕೊಡುತ್ತಾರೆ. ಆ ದಿನ ಇವರಿಗೆ ರಜೆ ಸಿಗಲಿಲ್ಲ. ಪಾಪುವನ್ನು ಎದೆಗೆ ಕಟ್ಟಿಕೊಂಡು, ಮಗಳ ಕೈ ಹಿಡಿದುಕೊಂಡು, ತಾಯಿ ಕಾರ್ಡನ್ನು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ರಿಕ್ಷಾ ಹತ್ತಿದೆ. 14 ವಾರದಲ್ಲಿ ಬಾಯಿಗೆ ಪೋಲಿಯೋ ಹನಿ, ರೋಟಾವೈರಸ್ ಲಸಿಕೆ. ಸೂಜಿ ಮೂರು. ಎಡತೊಡೆಗೆ ಐದು ರೋಗ ತಡೆಯುವ ಪೆಂಟಾವಲೆಂಟ್, ಬಲತೊಡೆಗೆ ನ್ಯುಮೋನಿಯಾ ತಡೆಯುವ ಪಿಸಿವಿ, ಬಲತೋಳಿಗೆ ಪೋಲಿಯೋದ ಸಣ್ಣ ಸೂಜಿ. ಪಾಪು ಅತ್ತದ್ದು ಎರಡು ನಿಮಿಷ. ನಾನು ಅವನನ್ನು ಸಮಾಧಾನ ಮಾಡುತ್ತಿರುವಾಗ ಮಗಳು ತೋಳು ಮೇಲೆ ಮಾಡಿ ಸಿಸ್ಟರ್ ಎದುರು ನಿಂತಿದ್ದಳು. "ನಂಗೂ."

ನಾನು "ನಿನಗಲ್ಲ, ಬಾ ಈಚೆ" ಅಂದೆ. ಸಿಸ್ಟರ್ ನನ್ನನ್ನು ತಡೆದರು. ಒಂದು ಹತ್ತಿ ಉಂಡೆ ತೆಗೆದು ಅವಳ ತೋಳಿಗೆ ಒರೆಸಿ, ಮೇಲೆ ಟೇಪು ಅಂಟಿಸಿದರು. "ಆಯ್ತು, ಇನ್ನು ಅರ್ಧ ಗಂಟೆ ಕೂತು ಹೋಗಬೇಕು" ಅಂತ ಅವಳಿಗೂ ಹೇಳಿದರು. ಅರ್ಧ ಗಂಟೆ ಅವಳು ಬೆಂಚಿನ ಮೇಲೆ ಅಲುಗಾಡದೆ ಕೂತಳು. ಆ ಹತ್ತಿಯನ್ನು ಎರಡು ದಿನ ತೆಗೆಯಲು ಬಿಡಲಿಲ್ಲ. ಅವತ್ತೂ ಸಿಸ್ಟರ್ ಎಷ್ಟು ಒಳ್ಳೆಯವರು ಅಂತಷ್ಟೇ ಅಂದುಕೊಂಡೆ. ರಾತ್ರಿ ಪಾಪುವಿಗೆ ಜ್ವರ ಬಂತು. ತೂಕ ನೋಡಿ ಡಾಕ್ಟರು ಮೊದಲೇ ಬರೆದುಕೊಟ್ಟಿದ್ದ ಅಳತೆಯಲ್ಲಿ ಪ್ಯಾರಾಸಿಟಮಾಲ್ ಹನಿ ಕೊಟ್ಟೆ. ಮರುದಿನಕ್ಕೆ ಇಳಿಯಿತು.

ಅಷ್ಟರಲ್ಲಿ ಮಗಳ ಒದ್ದೆ ಶುರುವಾಗಿತ್ತು. ಎರಡು ವರ್ಷ ತುಂಬಿ ಎರಡು ತಿಂಗಳಿಗೇ ಅವಳು ಸುಸು ಬರುವಾಗ ಹೇಳಲು ಕಲಿತಿದ್ದಳು. ಊರಲ್ಲೂ ತೊಂದರೆ ಇರಲಿಲ್ಲ. ಉಡುಪಿಗೆ ಬಂದು ಎರಡೇ ವಾರ, ದಿನಕ್ಕೆ ನಾಲ್ಕು ಚಡ್ಡಿ ಒದ್ದೆ. ಹಾಸಿಗೆ ಒದ್ದೆ. ಹಗ್ಗದಲ್ಲಿ ಪಾಪುವಿನ ಬಟ್ಟೆಗೇ ಜಾಗ ಇಲ್ಲದಾಗ ಅವಳ ಬಟ್ಟೆಯೂ ಸೇರಿತು. ನಾನು ಹಾಲು ಕೊಡಲು ಕೂತ ಕೂಡಲೇ ಅವಳಿಗೆ ನೀರು ಬೇಕು, ಚೆಂಡು ಕಪಾಟಿನ ಅಡಿಗೆ ಹೋಗಿರುತ್ತದೆ, ಕಾಲಿಗೆ ಇರುವೆ ಕಚ್ಚಿರುತ್ತದೆ. "ಎತ್ಕೋ" ಅನ್ನುವುದು ದಿನಕ್ಕೆ ಎಷ್ಟು ಸಲವೋ. ನನ್ನ ಉತ್ತರ ಯಾವಾಗಲೂ ಒಂದೇ. "ನೀನು ದೊಡ್ಡವಳಲ್ವಾ? ಪಾಪು ಸಣ್ಣದಲ್ವಾ? ಸ್ವಲ್ಪ ತಾಳು."

ಅಮ್ಮನಿಗೆ ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿಕೊಂಡು ಕಣ್ಣೀರು ಹಾಕಿದೆ. ಅಮ್ಮ ಕೇಳಿ, "ಸಣ್ಣದಕ್ಕೆ ಎಂತ ಗೊತ್ತಾತ್ತ್ ಮಗಾ? ಅದು ಹಾಲು ಕುಡ್ದ್ ಮಲಗತ್ತ್. ನೀ ದೊಡ್ಡದನ್ ಕಾಣ್" ಅಂದರು. ಕೇಳಿದಾಗ ಸಿಟ್ಟು ಬಂತು. ನೋಡದೆ ಇನ್ನೇನು ಮಾಡುತ್ತಿದ್ದೇನೆ ಅನಿಸಿತು.

ಆಟಿ ಅಮಾವಾಸ್ಯೆಗೆ ನಮ್ಮ ಕಡೆ ಹಾಲೆ ಮರದ ಕಷಾಯ ಕುಡಿಯುವ ಪದ್ಧತಿ. ಆ ದಿನ ಬೆಳಿಗ್ಗೆ ಇವರು ಬೆಳಕಾಗುವ ಮೊದಲೇ ಹೋಗಿ ಮರದ ಕೆತ್ತೆ, ಅಂದರೆ ತೊಗಟೆ, ತಂದಿದ್ದರು. ಅತ್ತೆ ಬೆಳ್ಳುಳ್ಳಿ, ಕಾಳುಮೆಣಸು, ಓಮ ಹಾಕಿ ಕಷಾಯ ಮಾಡಿದರು. ಹಾಲು ಕುಡಿಸುವವಳಿಗೆ ಕಷಾಯ ಬೇಡ, ಮೆಂತೆ ಗಂಜಿ ಸಾಕು ಅಂದರು. ಇವರು ಕಷಾಯ ಕುಡಿದು ಬಸ್ಸಿಗೆ ಹೋದರು, ಅತ್ತೆ ದೇವರ ಕೋಣೆಯಲ್ಲಿದ್ದರು. ಚಾವಡಿಯ ತೊಲೆಗೆ ಕಟ್ಟಿದ ಸೀರೆ ತೊಟ್ಟಿಲಲ್ಲಿ ಪಾಪು ಮಲಗಿದ್ದ. ನಾನು ಅಡುಗೆಮನೆಯಲ್ಲಿ ಮೆಂತೆ ಗಂಜಿ ತಿರುಗಿಸುತ್ತಿದ್ದೆ.

ಪಾಪು ಎದ್ದು ಅಳಲು ಶುರುಮಾಡಿದ. ಗಂಜಿ ಉಕ್ಕಿ ಬರುತ್ತಿತ್ತು. ಒಲೆ ಆರಿಸಿ ಓಡಿ ಬರುವಷ್ಟರಲ್ಲಿ ‘ಧಡ್’ ಅಂತ ಸದ್ದು. ಮಗಳು ಎರಡೂ ಕೈಯಿಂದ ತೊಟ್ಟಿಲನ್ನು ಜೋರಾಗಿ ನೂಕಿದ್ದಳು, ಅದು ಹೋಗಿ ಕಂಬಕ್ಕೆ ತಾಗಿತ್ತು. ಪಾಪು ಉಸಿರು ಕಟ್ಟಿ ಕಿರುಚಿದ. ನಾನು ಅವನನ್ನು ಎತ್ತಿಕೊಂಡು ಅವಳ ಮೇಲೆ ಕೂಗಿದೆ. ನನ್ನ ಜೀವನದಲ್ಲಿ ಅಷ್ಟು ದೊಡ್ಡ ಸ್ವರದಲ್ಲಿ ಕೂಗಿದ್ದಿಲ್ಲ. "ಇಷ್ಟು ದೊಡ್ಡವಳಾಗಿ ಗೊತ್ತಾಗುವುದಿಲ್ವಾ ನಿನಗೆ?"

ಅವಳು ನಿಂತಲ್ಲೇ ಒದ್ದೆ ಮಾಡಿಕೊಂಡಳು. ಅಳಲಿಲ್ಲ. ಕಾಲಿನ ಕೆಳಗೆ ಹರಡುವ ನೀರನ್ನು ನೋಡುತ್ತಾ, "ಅಮ್ಮ ಹೇಳಿದ್ದು ತೂಗು ಅಂತ" ಅಂದಳು.

ಹೇಳಿದ್ದೆ. ಅದೇ ದಿನ ಬೆಳಿಗ್ಗೆ ಹೇಳಿದ್ದೆ. ‘ನೀನು ದೊಡ್ಡವಳು, ತಮ್ಮ ಅತ್ತರೆ ತೂಗಬೇಕು’ ಅಂತ. ಅವಳು ತೂಗಿದ್ದಳು. ಎರಡೂಮುಕ್ಕಾಲು ವರ್ಷದ ಕೈಗೆ ಎಷ್ಟು ನೂಕಬೇಕು ಅಂತ ಹೇಗೆ ಗೊತ್ತಾಗಬೇಕು?

ಡಾಕ್ಟರಿಗೆ ಫೋನ್ ಮಾಡಿದೆ. ಎಚ್ಚರ ತಪ್ಪಿದನಾ, ವಾಂತಿ ಮಾಡಿದನಾ, ಹಾಲು ಕುಡಿಯುತ್ತಾನಾ, ತಲೆಯಲ್ಲಿ ಬಾವು ಇದೆಯಾ ಅಂತ ಕೇಳಿ, ಕರೆದುಕೊಂಡು ಬನ್ನಿ ಅಂದರು. ನೋಡಿದರು. ಏನೂ ಆಗಿರಲಿಲ್ಲ. ಒಂದು ದಿನ ಪೂರ್ತಿ ಗಮನ ಇಡಿ, ಪದೇ ಪದೇ ವಾಂತಿ ಮಾಡಿದರೆ ಅಥವಾ ಎಬ್ಬಿಸಿದರೂ ಏಳದಷ್ಟು ಮಂಕಾದರೆ ತಡಮಾಡದೆ ಬನ್ನಿ ಅಂದರು. ತೊಟ್ಟಿಲನ್ನು ಕಂಬ, ಗೋಡೆಯಿಂದ ದೂರ ಕಟ್ಟಿ, ನೆಲಕ್ಕೆ ಹತ್ತಿರ ಇರಲಿ ಅಂತಲೂ ಹೇಳಿದರು. ಅಲ್ಲೇ ಮಗಳ ಒದ್ದೆಯ ವಿಷಯವನ್ನೂ ಕೇಳಿದೆ. ಉರಿ, ಜ್ವರ ಏನಾದರೂ ಇದೆಯಾ ಅಂತ ವಿಚಾರಿಸಿದರು. ಇರಲಿಲ್ಲ. ಹೊಸ ಮಗು ಬಂದಾಗ ಕಲಿತದ್ದು ಹಿಂದಕ್ಕೆ ಹೋಗುವುದು ತುಂಬಾ ಮಕ್ಕಳಲ್ಲಿ ಇದೆ, ಬೈದರೆ ಇನ್ನೂ ಜಾಸ್ತಿಯಾಗುತ್ತದೆ ಅಂದರು. ಆಮೇಲೆ ಅವಳ ಕೆನ್ನೆ ಮುಟ್ಟಿ, "ಇವಳೂ ಸಣ್ಣವಳೇ ಅಲ್ವಾ?" ಅಂತ ನನ್ನನ್ನು ಕೇಳಿದರು.

ರಿಕ್ಷಾದಲ್ಲಿ ವಾಪಸ್ಸು ಬರುವಾಗ ಅವಳು ನನ್ನ ಪಕ್ಕದಲ್ಲಿ ಕೂತು ಮಳೆ ನೋಡುತ್ತಿದ್ದಳು. ಅವಳ ಕಾಲು ಸೀಟಿನಿಂದ ಕೆಳಗೆ ನೆಲಕ್ಕೆ ತಾಗುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಮೊದಲ ದಿನ ನಾನು ಹೇಳಿದ ಮಾತು ನೆನಪಾಯಿತು. ಮೀಸುವ ಅಜ್ಜಿ, ಸಿಸ್ಟರ್, ಅಮ್ಮ ಎಲ್ಲ ಒಂದೇ ಸಾಲಿನಲ್ಲಿ ನೆನಪಾದರು.

ಅವತ್ತು ರಾತ್ರಿ ಇವರು ಬಂದ ಮೇಲೆ ಎಲ್ಲ ಹೇಳಿದೆ. ಅವಳಿಗೆ ಇನ್ನು ಮೇಲೆ ಯಾರೂ ದೊಡ್ಡವಳು ಅನ್ನುವುದು ಬೇಡ ಅಂದೆ. ಇವರು ತಕ್ಷಣ ಒಪ್ಪಿದರು. ಅತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ನನಗೂ ಐದು ವರ್ಷಕ್ಕೇ ದೊಡ್ಡವಳು ಅಂತ ಹೆಸರು ಬಿದ್ದಿತ್ತು. ನನ್ನ ಕೆಳಗೆ ಆರು ಜನ" ಅಂದರು. ಅಷ್ಟೇ ಹೇಳಿದ್ದು. ಆದರೆ ಆಮೇಲೆ ಮನೆಗೆ ಬಂದವರು ಯಾರಾದರೂ ಹಾಗೆ ಅಂದರೆ ಮೊದಲು ತಿದ್ದುವವರು ಅತ್ತೆಯೇ. "ಅವಳೂ ಪಾಪುವೇ, ಎರಡು ಪಾಪು ನಮಗೆ" ಅನ್ನುತ್ತಾರೆ.

ಮಾತು ಬಿಡುವುದು ಅಂದುಕೊಂಡಷ್ಟು ಸುಲಭ ಆಗಲಿಲ್ಲ. ಬಾಯಿಗೆ ಬಂದೇ ಬಿಡುತ್ತಿತ್ತು. ಅದರ ಜಾಗಕ್ಕೆ ಬೇರೆ ಮಾತು ಬೇಕಿತ್ತು. ಹಾಗಾಗಿ ತಾಳು ಅನ್ನುವುದನ್ನು ಪಾಪುವಿಗೆ ಹೇಳಲು ಶುರುಮಾಡಿದೆ. ಅವಳಿಗೆ ಕೇಳುವ ಹಾಗೆ, ಸ್ಪಷ್ಟವಾಗಿ. "ಪಾಪು, ಸ್ವಲ್ಪ ತಾಳು. ಈಗ ಅಕ್ಕನಿಗೆ ನೀರು ಕೊಡಬೇಕು." ಪಾಪುವಿಗೆ ಏನೂ ತಿಳಿಯುವುದಿಲ್ಲ, ಒಂದು ನಿಮಿಷ ಜಾಸ್ತಿ ಅಳುತ್ತಾನೆ, ಅಷ್ಟೇ. ಆದರೆ ಅವಳ ಮುಖ ನೋಡಬೇಕಿತ್ತು. ತಾನಲ್ಲದೆ ಬೇರೆಯವರೂ ಕಾಯಬೇಕಾಗುತ್ತದೆ ಅಂತ ಅವಳಿಗೆ ಮೊದಲ ಸಲ ಗೊತ್ತಾದದ್ದು. ನಾಲ್ಕು ದಿನ ಕಳೆದ ಮೇಲೆ ಒಂದು ಸಲ ಅವಳೇ, "ಪಾಪುಗೆ ಹಾಲು ಕೊಡು, ನಾ ತಾಳ್ತೆ" ಅಂದಳು.

ಹಾಲು ಕೊಡುವ ಹೊತ್ತಿಗೆ ಅಂತ ಒಂದು ಬುಟ್ಟಿ ಮಾಡಿದೆವು. ಅದರಲ್ಲಿ ಐದಾರು ತೆಂಗಿನ ಗೆರಟೆ, ಒಂದು ಮರದ ಸೌಟು, ಒಂದು ಹಳೆಯ ಬೋಗುಣಿ. ಆ ಬುಟ್ಟಿ ಬೇರೆ ಹೊತ್ತಿನಲ್ಲಿ ಅಟ್ಟದ ಮೇಲೆ. ನಾನು ಹಾಲು ಕೊಡಲು ಕೂತಾಗ ಮಾತ್ರ ಕೆಳಗೆ. ಅಂಗಳದ ಕೇಪಳ ಹೂ ತಂದು ಗೆರಟೆಗೆ ತುಂಬಿ ನನ್ನ ಎದುರೇ ಅಡುಗೆ ಮಾಡುತ್ತಾಳೆ. ನಾನು ಒಂದು ಕೈಯಲ್ಲಿ ಪಾಪುವನ್ನು ಹಿಡಿದು, ಇನ್ನೊಂದು ಕೈಯಲ್ಲಿ ಅವಳು ಕೊಟ್ಟ ಸಾರು ಕುಡಿದು, ಉಪ್ಪು ಸಾಕಾ ಬೇಕಾ ಅಂತ ಹೇಳಬೇಕು. ಅಂಗಡಿಯಿಂದ ತಂದ ಆಟದ ಸಾಮಾನು ಐದು ನಿಮಿಷಕ್ಕೆ ಬೇಜಾರಾಗುತ್ತಿತ್ತು. ಗೆರಟೆ ಎರಡು ತಿಂಗಳಾದರೂ ಬೇಜಾರಾಗಿಲ್ಲ.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದದ್ದು ಸಂಜೆಯ ಜಗಲಿ. ನಾಲ್ಕೂವರೆಗೆ ಅತ್ತೆ ಚಾ ಕುಡಿದು ಒಳಗೆ ಕುರ್ಚಿಯಲ್ಲಿ ಪಾಪುವನ್ನು ಮಡಿಲಲ್ಲಿ ಇಟ್ಟುಕೊಂಡು ಕೂರುತ್ತಾರೆ. ನಾನು ಮತ್ತು ಮಗಳು ಜಗಲಿಗೆ ಬರುತ್ತೇವೆ. ಕಾಲು ಗಂಟೆ. ಫೋನ್ ಒಳಗೆ. ಬಟ್ಟೆ ಮಡಚುವುದಿಲ್ಲ, ಸೊಪ್ಪು ಬಿಡಿಸುವುದಿಲ್ಲ, ಸುಮ್ನೆ ಕೂರುವುದು. ಅವಳು ನನ್ನ ಮಡಿಲಲ್ಲಿ ಮಲಗುತ್ತಾಳೆ, ಪಾಪು ಮಲಗುವ ಹಾಗೆಯೇ, ತಲೆ ಮೊಣಕೈ ಮೇಲೆ ಇಟ್ಟು. ಕಾಲು ಹೊರಗೆ ಚಾಚಿಕೊಂಡಿರುತ್ತದೆ. ಮಾಡಿನಿಂದ ಇಳಿಯುವ ನೀರು ಅಂಗಳದಲ್ಲಿ ಸಾಲಾಗಿ ಗುಂಡಿ ಮಾಡಿರುತ್ತದೆ. ಆ ಗುಂಡಿಗಳಿಗೆ ಅವಳು ಹೆಸರು ಇಟ್ಟಿದ್ದಾಳೆ. ಒಂದು ಅಮ್ಮ ಗುಂಡಿ, ಒಂದು ಅಪ್ಪ ಗುಂಡಿ, ಒಂದು ಅಜ್ಜಿ ಗುಂಡಿ. ಮೊದಲು ತಮ್ಮನಿಗೆ ಗುಂಡಿ ಇರಲಿಲ್ಲ. ಆಗಸ್ಟ್ ಎರಡನೇ ವಾರ ಒಂದು ದಿನ ಮೂಲೆಯ ಚಿಕ್ಕ ಗುಂಡಿ ತೋರಿಸಿ "ಅದು ಪಾಪುದು" ಅಂದಳು. ನಾನು ಕೇಳಿರಲಿಲ್ಲ.

ಅಲ್ಲಿ ಕೂತಾಗಲೇ ಒಂದು ದಿನ ಕೇಳಿದಳು, "ನಾ ಪಾಪುವಾ?" ಹೌದು ಅಂದೆ. "ತಮ್ಮ?" ಅವನೂ ಪಾಪು ಅಂದೆ. ಸ್ವಲ್ಪ ಹೊತ್ತು ಮಳೆ ನೋಡಿದಳು. ಆಮೇಲೆ ರಾತ್ರಿಗೆ ಡೈಪರ್ ಬೇಕು ಅಂದಳು. ಹಾಕಿದೆ. ನೆಂಟರೊಬ್ಬರು, ಹೀಗೆ ಮಾಡಿದರೆ ಮತ್ತೆ ಅಭ್ಯಾಸ ತಪ್ಪುವುದು ಕಷ್ಟ ಅಂದರು. ಎಂಟೋ ಒಂಬತ್ತೋ ರಾತ್ರಿ ಹಾಕಿದಳು. ಒಂದು ದಿನ ತಾನೇ ತೆಗೆದು ಮೂಲೆಗೆ ಇಟ್ಟು ಚಡ್ಡಿ ಕೇಳಿದಳು.

ರಾತ್ರಿಯ ಕೆಲಸವನ್ನೂ ಹಂಚಿಕೊಂಡೆವು. ಪಾಪು ಹನ್ನೊಂದು, ಎರಡು, ಐದು ಗಂಟೆಗೆ ಏಳುತ್ತಿದ್ದ. ಅವನ ಅಳುವಿಗೆ ಅವಳೂ ಏಳುತ್ತಿದ್ದಳು. ಹಾಗಾಗಿ ಇವರು ಅವಳನ್ನು ಕರೆದುಕೊಂಡು ಪಕ್ಕದ ಕೋಣೆಯಲ್ಲಿ ಮಲಗಲು ಶುರುಮಾಡಿದರು. ಮೊದಲ ಐದಾರು ರಾತ್ರಿ ‘ಅಮ್ಮ ಬೇಕು’ ಅಂತ ಅತ್ತಳು. ನಾನು ಗೋಡೆಯ ಈಚೆ ಕೂತು ಹಾಲು ಕೊಡುತ್ತಾ ನಾನೂ ಅಳುತ್ತಿದ್ದೆ. ಇವರಿಗೆ ಕಥೆ ಹೇಳಿ ಅಭ್ಯಾಸ ಇಲ್ಲ. ತಾನು ದಿನಾ ಹೋಗುವ ಬಸ್ಸಿನ ದಾರಿಯನ್ನೇ ಹೇಳಿದರು. ಕಟಪಾಡಿ, ಕಾಪು, ಉಚ್ಚಿಲ, ಪಡುಬಿದ್ರಿ, ಮೂಲ್ಕಿ, ಹಳೆಯಂಗಡಿ, ಸುರತ್ಕಲ್, ಪಣಂಬೂರು, ಕೂಳೂರು. ಕಂಡಕ್ಟರ್ ಕೂಗುವ ಹಾಗೆ, ಆದರೆ ಮೆಲ್ಲಗೆ. ಒಂದೊಂದು ಸ್ಟಾಪಿನಲ್ಲಿ ಯಾರು ಇಳಿದರು, ಯಾರು ಹತ್ತಿದರು ಅಂತ. ಈಗ ಅವಳು ಮೂಲ್ಕಿ ದಾಟುವುದು ಅಪರೂಪ. ಅಪ್ಪ ಇಡೀ ದಿನ ಎಲ್ಲಿ ಇರುತ್ತಾನೆ ಅಂತಲೂ ಅವಳಿಗೆ ಈ ದಾರಿಯಿಂದಲೇ ಗೊತ್ತಾದದ್ದು. ಸಂಜೆ ಏಳಕ್ಕೆ "ಅಪ್ಪ ಈಗ ಪಡುಬಿದ್ರಿ" ಅನ್ನುತ್ತಾಳೆ.

ಎಲ್ಲ ದಿನವೂ ಹೀಗೆ ಚಂದ ಇರಲಿಲ್ಲ. ಇಬ್ಬರಿಗೂ ಒಟ್ಟಿಗೆ ಶೀತ ಬಂದ ವಾರ ಜಗಲಿಯೂ ಇಲ್ಲ, ಗೆರಟೆಯೂ ಇಲ್ಲ. ಅವಳು ಪಾಪುವಿನ ಕಾಲು ಚಿವುಟಿದ್ದೂ ಇದೆ. ಆಗ ಅವಳ ಕೈ ಹಿಡಿದು, ಚಿವುಟಲು ಬಿಡುವುದಿಲ್ಲ ಅಂತ ಹೇಳಿ, ಇಬ್ಬರನ್ನೂ ಬೇರೆ ಬೇರೆ ಕೂರಿಸುತ್ತಿದ್ದೆ. ಇಬ್ಬರನ್ನೇ ಒಟ್ಟಿಗೆ ಬಿಟ್ಟು ಹೋಗುವುದನ್ನು ಪೂರ್ತಿ ನಿಲ್ಲಿಸಿದೆ. ಎರಡು ನಿಮಿಷಕ್ಕೂ ಇಲ್ಲ. ಅಡುಗೆಮನೆಗೆ ಹೋಗುವುದಾದರೆ ಒಬ್ಬರನ್ನಾದರೂ ನನ್ನ ಜೊತೆ ಕರೆದುಕೊಂಡೇ ಹೋಗುತ್ತೇನೆ. ಅಮಾವಾಸ್ಯೆಯ ದಿನ ತಪ್ಪಿದ್ದು ಅಲ್ಲಿಯೇ.

ಸೆಪ್ಟೆಂಬರ್‌ನಲ್ಲಿ ಪಾಪುವಿಗೆ ಆರು ತಿಂಗಳು ತುಂಬಿತು. ಅಲ್ಲಿಯ ತನಕ ಎದೆಹಾಲು ಬಿಟ್ಟು ನೀರು ಕೂಡ ಕೊಟ್ಟಿರಲಿಲ್ಲ. ಅತ್ತೆಗೆ ನಾಲಿಗೆಗೆ ಜೇನು ಸವರಬೇಕು ಅಂತ ಆಸೆ ಇತ್ತು. ಒಂದು ವರ್ಷ ತುಂಬುವ ಮೊದಲು ಜೇನು ಕೊಡಬಾರದು, ಅದರಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ಬೆಳೆದು ವಿಷ ಮಾಡುತ್ತದೆ ಅಂತ ಡಾಕ್ಟರು ಹೇಳಿದ್ದನ್ನು ತಿಳಿಸಿದೆ. ಮರುಮಾತಾಡದೆ ಬಿಟ್ಟರು. ಅನ್ನಪ್ರಾಶನಕ್ಕೆ ಪಾಯಸ ತುಟಿಗೆ ಮುಟ್ಟಿಸಿದರು. ಆಮೇಲೆ ಕುಚ್ಚಲಕ್ಕಿ ಮತ್ತು ಹೆಸರುಬೇಳೆ ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಚಮಚದ ಹಿಂಬದಿಯಲ್ಲಿ ನುಣ್ಣಗೆ ಮಸೆದು, ಒಂದು ಹನಿ ತುಪ್ಪ ಹಾಕಿದೆ. ಉಪ್ಪಿಲ್ಲ, ಸಕ್ಕರೆ ಇಲ್ಲ. ಚಮಚ ಓರೆ ಮಾಡಿದರೆ ಕೂಡಲೇ ಸುರಿದು ಹೋಗದಷ್ಟು ಗಟ್ಟಿ ಇರಬೇಕು. ನೀರು ನೀರಾಗಿ ಮಾಡಿದರೆ ಹೊಟ್ಟೆ ತುಂಬುತ್ತದೆ, ಮೈಗೆ ಹಿಡಿಯುವುದಿಲ್ಲ. ರಾಗಿ ಮಣ್ಣಿ ಶುರುಮಾಡಿದ್ದು ಎರಡು ವಾರ ಕಳೆದ ಮೇಲೆ. ರಾತ್ರಿ ನೆನೆಸಿ, ಅರೆದು, ಬಟ್ಟೆಯಲ್ಲಿ ಸೋಸಿ, ಆ ಹಾಲನ್ನು ಸಣ್ಣ ಉರಿಯಲ್ಲಿ ಕೈ ಬಿಡದೆ ತಿರುಗಿಸಬೇಕು.

ಮೊದಲ ಚಮಚ ಗಂಜಿ ಅವಳೇ ಕೊಟ್ಟಳು, ಅವಳ ಕೈಯನ್ನು ನಾನು ಹಿಡಿದುಕೊಂಡಿದ್ದೆ. ಪಾಪು ನಾಲಿಗೆಯಿಂದ ಅರ್ಧ ಹೊರಗೆ ನೂಕಿದ. ಅವಳು ಅದನ್ನು ತನ್ನ ಲಂಗದಲ್ಲಿ ಒರೆಸಿ, ಬಾಯಿ ತೆರೆದು ನನ್ನ ಎದುರು ಕೂತಳು. ಅದೇ ಬಟ್ಟಲಿನಿಂದ ಅವಳಿಗೂ ಒಂದು ಚಮಚ. ಅವನಿಗೊಂದು, ಇವಳಿಗೊಂದು. ಬಟ್ಟಲು ಖಾಲಿಯಾಯಿತು.

ಅದೇ ವಾರ ಕೃಷ್ಣಾಷ್ಟಮಿ. ಮರುದಿನ ಕೃಷ್ಣಮಠದ ರಥಬೀದಿಯಲ್ಲಿ ನಡೆಯುವ ವಿಟ್ಲಪಿಂಡಿ ಉತ್ಸವಕ್ಕೆ ಪಾಪುವನ್ನು ಕರೆದುಕೊಂಡು ಹೋಗುವ ಹಾಗಿರಲಿಲ್ಲ, ಅಷ್ಟು ಜನ. ಅತ್ತೆ ಮನೆಯಲ್ಲೇ ಉಂಡೆ, ಚಕ್ಕುಲಿ ಮಾಡಿದರು. ಹುಲಿವೇಷದವರು ನಮ್ಮ ಅಂಗಳಕ್ಕೇ ಬಂದರು. ತಾಸೆ ವಾದ್ಯದ ಸದ್ದಿಗೆ ಇಬ್ಬರೂ ಒಟ್ಟಿಗೆ ಅತ್ತರು. ಇವರು ಪಾಪುವನ್ನು ಎತ್ತಿಕೊಂಡು ಒಳಗೆ ಹೋದರು. ನಾನು ಮಗಳನ್ನು ಎತ್ತಿಕೊಂಡೆ. ಮುಖವನ್ನು ನನ್ನ ಕುತ್ತಿಗೆಗೆ ಒತ್ತಿ ಹಿಡಿದಿದ್ದಳು. ಸ್ವಲ್ಪ ಸ್ವಲ್ಪವೇ ತಿರುಗಿ, ಹುಲಿ ಕುಣಿಯುವುದನ್ನು ಕೊನೆಯ ತನಕ ನೋಡಿದಳು. ನನ್ನ ಸೊಂಟ ನೋಯುತ್ತಿತ್ತು, ಇಳಿಸಲಿಲ್ಲ.

ಈಗ ಬಿಸಿಲು ಬಂದಿದೆ. ಬಟ್ಟೆಯ ಹಗ್ಗ ಮತ್ತೆ ಅಂಗಳಕ್ಕೆ ಹೋಗಿದೆ. ನವೆಂಬರ್‌ನಲ್ಲಿ ಅವಳಿಗೆ ಮೂರು ತುಂಬುತ್ತದೆ, ಅಂಗನವಾಡಿಗೆ ಕಳುಹಿಸಬೇಕು ಅಂತಿದ್ದೇವೆ. ಹಗಲು ಒದ್ದೆ ನಿಂತಿದೆ. ರಾತ್ರಿ ವಾರಕ್ಕೆ ಒಂದೋ ಎರಡೋ ಸಲ ಹಾಸಿಗೆ ಒದ್ದೆಯಾಗುತ್ತದೆ. ಬೆಳಿಗ್ಗೆ ಹೊದಿಕೆ ಒಗೆದು ಹಾಕುತ್ತೇನೆ, ಅವಳು ಕ್ಲಿಪ್ಪು ಒಂದೊಂದಾಗಿ ಕೊಡುತ್ತಾಳೆ. ಮಧ್ಯಾಹ್ನ ಊಟ ಆದ ಮೇಲೆ ಹೋಗಿ ಅದರ ತುದಿ ಹಿಡಿದು ಕೆನ್ನೆಗೆ ಒತ್ತಿ ನೋಡುತ್ತಾಳೆ. ಮೊದಲು ತನ್ನದು, ಆಮೇಲೆ ಪಕ್ಕದಲ್ಲಿರುವ ಪಾಪುವಿನದು.

"ಅಮ್ಮಾ, ಎರಡೂ ಒಣಗಿದೆ."